ವಾರಿಜಾಳ ನಾಡು, ನನ್ನ ಮಗಳ ಪುಸ್ತಕಗಳು

ವಾರಿಜಾ ನನ್ನ ಮಗಳನ್ನು ತನ್ನವಳಾಗಿ ಮಾಡಿಕೊಳ್ಳಲು ನೋಡಿದಳು, ನಾನು ಕೊಡಲಿಲ್ಲ. ನಡೆದದ್ದು ಇಷ್ಟೇ. ನನ್ನ ಮಗಳು ಕಮಲಾ ಇದನ್ನು ಬೇರೆ ಥರ ಹೇಳುತ್ತಾಳೆ. "ಪಾಪ, ಮಕ್ಕಳಿರಲಿಲ್ಲ, ನಮ್ಮನ್ನೆಲ್ಲಾ ಎಷ್ಟು ಪ್ರೀತಿ ಮಾಡ್ತಿದ್ಲು, ಎಂಥಾ ಕಥಿ ಹೇಳ್ತಿದ್ಲು" ಅಂತ. ಕಥೆ ಹೇಳುತ್ತಿದ್ದಳು, ಖರೆ. ಮೀನು ಹಿಡಿಯುವವನೂ ಗಾಳಕ್ಕೆ ಏನಾದರೂ ತಿನ್ನುವುದನ್ನೇ ಕಟ್ಟುತ್ತಾನೆ.

ಮೊನ್ನೆ ಮೊಮ್ಮಗಳಿಗೆ ಯಾರೋ ಹುಟ್ಟುಹಬ್ಬಕ್ಕೆ ಒಂದು ಪುಸ್ತಕ ಕೊಟ್ಟರು. ಇಟ್ಟಂಗಿಯಷ್ಟು ದಪ್ಪ, ಹೊಳೆಯುವ ಹಾಳೆ. ತೆಗೆದು ನೋಡಿದರೆ ಬರೀ ಮೃಗಗಳ ಚಿತ್ರ. ರೆಕ್ಕೆ ಇರುವ ಕುದುರೆ, ಮೂರು ಬಾಲದ ನರಿ, ಒಂದೊಂದರ ಕೆಳಗೂ ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಅಂತ ಸಣ್ಣ ಅಕ್ಷರದಲ್ಲಿ.

"ಅಜ್ಜಿ, ಇದು ಸ್ಟೋರಿ ಅಲ್ಲ. ಸ್ಟೋರಿ ಬುಕ್ ಅಲಗ್ ಇದೆ. ಇದು ಆ ಸ್ಟೋರಿ ದುನಿಯಾದಲ್ಲಿ ಯಾವ ಯಾವ ಜಾನ್ವರ್ ಇದೆ ಅಂತ ಹೇಳೋ ಬುಕ್. ಆ ದುನಿಯಾದವನೇ ಒಬ್ಬ ಬರೆದದ್ದು ಅಂತ ಹಾಕಿದ್ದಾರೆ, ನೋಡು" ಅಂದಳು.

"ಇದರಾಗ ಏನ ಹೊಸಾದು? ನಿಮ್ಮವ್ವ ಇಂಥಾವು ರಗಡ ಬರದಾಳ" ಅಂದೆ.

ಮೊಮ್ಮಗಳು ಕಣ್ಣು ಅಗಲ ಮಾಡಿ ತಾಯಿಯ ಕಡೆ ನೋಡಿದಳು. ಕಮಲಾ ನಗುತ್ತಾ ಶುರು ಮಾಡಿದಳು ವಾರಿಜಾ ಮಾವಶಿಯ ಪುರಾಣ. ನಾನು ಬಳ್ಳೊಳ್ಳಿ ಸುಲಿಯುತ್ತಾ ಕೂತಿದ್ದೆ. ಇಷ್ಟು ವರ್ಷ ಆದ ಮೇಲೂ ಆ ಹೆಸರು ಕಿವಿಗೆ ಬಿದ್ದರೆ ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಹೊರಳುತ್ತದೆ. ಸುಳ್ಳು ಯಾಕೆ ಹೇಳಲಿ.

ಇಸವಿ ಎಪ್ಪತ್ತು ದಾಟಿ ಒಂದೆರಡು ವರ್ಷ ಆಗಿತ್ತು. ನಾವು ಆಗ ಘಾಟ್ಕೋಪರದ ಗುಡ್ಡದ ಬುಡದಲ್ಲಿ ಒಂದು ಚಾಳಿನಲ್ಲಿ ಇದ್ದೆವು. ಒಂದೇ ಖೋಲಿ, ಅಡಿಗೆಯೂ ಅಲ್ಲೇ, ಮಲಗುವುದೂ ಅಲ್ಲೇ. ಮುಂದೆ ಎಲ್ಲರಿಗೂ ಸೇರಿದ ಉದ್ದದ ಗ್ಯಾಲರಿ, ಕೊನೆಗೆ ಒಂದು ನಳ. ನಮ್ಮ ಮನೆಯವರು ಬಿಲ್ಡಿಂಗ್ ಕಟ್ಟುವ ಕಡೆ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದೆ. ವಿಜಾಪುರ, ಬಾಗಲಕೋಟಿ ಕಡೆಯಿಂದ ಒಂಟಿಯಾಗಿ ಬಂದ ಗಂಡಸರು ನನ್ನ ಕಡೆ ಊಟಕ್ಕೆ ಬರುತ್ತಿದ್ದರು. ಜೋಳದ ರೊಟ್ಟಿ, ಬ್ಯಾಳಿ, ಶೇಂಗಾ ಚಟ್ನಿ. ಬೆಳಿಗ್ಗೆ ಇದ್ದಿಲಿನ ಸಿಗಡಿ ಒಲೆಯ ಮುಂದೆ ಕೂತರೆ ಕೈ ತಟ್ಟುವುದು ನಿಲ್ಲುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಹೆತ್ತವುಗಳಲ್ಲಿ ಉಳಿದದ್ದು ಕಮಲಿ ಒಬ್ಬಳೇ. ನಾಲ್ಕನೇ ಇಯತ್ತೆ ಓದುತ್ತಿದ್ದಳು, ಕನ್ನಡ ಶಾಲೆಯಲ್ಲಿ. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಗೊತ್ತು, ಆದರೆ ಅವಸರಕ್ಕೆ ಒದಗುವುದಿಲ್ಲ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಪಕ್ಕದ ಖೋಲಿಗೆ ವಾರಿಜಾ ಬಂದಳು. ಮಂಗಳೂರು ಕಡೆಯವಳು. ಗಂಡ ಶೀನಣ್ಣ ದಾದರದ ಒಂದು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವವನು. ಆಕೆ ಎಂಟನೇ ಇಯತ್ತೆವರೆಗೆ ಓದಿದ್ದಳು. ದಿನಾ ತಲೆಗೆ ಹೂವು, ಕೊಬ್ಬರಿ ಎಣ್ಣೆ, ಇಸ್ತ್ರಿ ಮುರಿಯದ ಸೀರೆ. ಮಕ್ಕಳಿಲ್ಲದ ಖೋಲಿ, ಹೀಗಾಗಿ ಇಟ್ಟ ಸಾಮಾನು ಇಟ್ಟಲ್ಲೇ ಇರುತ್ತಿತ್ತು. ಮೊದಲ ದಿನದಿಂದಲೇ ಆಕೆ ನನಗೆ ಆಗಿಬರಲಿಲ್ಲ. ಕಾರಣ ಏನೂ ಇರಲಿಲ್ಲ, ಕಾರಣ ಆಮೇಲೆ ಸಿಕ್ಕಿತು.

ಮಳೆ ಜಡಿದುಕೊಂಡು ಬಂತು. ಚಾಳಿನ ಹುಡುಗರು ಹೊರಗೆ ಹೋಗುವಂತಿಲ್ಲ, ಗ್ಯಾಲರಿಯಲ್ಲಿ ಒಬ್ಬರನ್ನೊಬ್ಬರು ಕೆಡವಿಕೊಂಡು ಅಳುವುದು. ವಾರಿಜಾ ಒಂದು ಮಧ್ಯಾಹ್ನ ಬಾಗಿಲಲ್ಲಿ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿ ಕಥೆ ಹಿಡಿದಳು. ಇಳಿತದ ನಾಡು ಅಂತ. ಸಮುದ್ರ ಹಿಂದೆ ಸರಿದಾಗ ನೀರಿನಿಂದ ಒಂದು ನಾಡು ಮೇಲೆ ಬರುತ್ತದಂತೆ. ಅಲ್ಲಿ ಬೀದಿ, ಮನೆ, ಅರಮನೆ ಎಲ್ಲಾ ಇದೆಯಂತೆ. ಶಂಖರಾಣಿ ಅಂತ ಒಬ್ಬಳು ರಾಣಿ, ಆಕೆಗೆ ಮಂತ್ರಿ ಒಬ್ಬ ಏಡಿ ಪಂಡಿತ. ಭರತ ಬಂದು ನೀರು ಏರಿತೆಂದರೆ ನಾಡಿಗೆ ನಾಡೇ ಬಾಗಿಲು ಹಾಕಿಕೊಂಡು ಕೆಳಗೆ ಇಳಿಯುತ್ತದಂತೆ. ಹುಡುಗರು ಬಾಯಿ ತೆಗೆದವರು ಮುಚ್ಚಲಿಲ್ಲ. ನಾನು ಗೋಡೆಯ ಈಚೆ ರೊಟ್ಟಿ ಬಡಿಯುತ್ತಾ ಕೇಳಿದೆ. ಗಂಟಲು ಚೆನ್ನಾಗಿತ್ತು ಆಕೆಯದು, ಅದನ್ನು ಇಲ್ಲ ಅನ್ನುವುದಿಲ್ಲ.

ಉಳಿದ ಹುಡುಗರು ಕಥೆ ಕೇಳಿ ಎದ್ದು ಹೋದರು. ನನ್ನ ಮಗಳು ಎದ್ದು ಬರಲಿಲ್ಲ. "ಮಾವಶಿ, ಅಲ್ಲಿ ಯಾವ ಯಾವ ಪ್ರಾಣಿ ಅದಾವ? ಅವು ಏನ ತಿಂತಾವ?" ಅಂತ ಕೇಳಿದಳು.

"ಎಂತದೋ ತಿಂತಾವೆ ಮಾರಾಯ್ತಿ! ನಂಗೆಂತ ಗೊತ್ತು? ನೀನೇ ಬರ್ಕೊಂಡು ಬಾ, ನಾನು ಓದ್ತೇನೆ" ಅಂದಳು ವಾರಿಜಾ.

ಅಲ್ಲಿಂದ ಹಿಡಿಯಿತು. ಶೀನಣ್ಣ ಪ್ರೆಸ್ಸಿನಲ್ಲಿ ಪುಸ್ತಕದ ಅಂಚು ಕತ್ತರಿಸಿ ಉಳಿದ ಕಾಗದದ ಪಟ್ಟಿ ತರುತ್ತಿದ್ದ. ಅಂಗೈಗಿಂತ ಸಣ್ಣ ಅಗಲ, ಮೊಳದಷ್ಟು ಉದ್ದ. ಅದರ ಮೇಲೆ ಕಮಲಿ ಬರೆದಳು. ಶೀನಣ್ಣ ಅದಕ್ಕೆ ದಾರ ಹೊಲಿದು, ಬೆನ್ನಿಗೆ ಬಟ್ಟೆ ಹಚ್ಚಿ ಖರೆ ಪುಸ್ತಕವನ್ನೇ ಮಾಡಿ ಕೊಟ್ಟ. ಅಂಟಿಗೆ ಮೈದಾ ಎಲ್ಲಿಯದು? ನನ್ನ ಡಬ್ಬಿಯದು. ಹೊದಿಕೆ ಮೇಲೆ ದುಂಡಗೆ ಬರೆದಿದ್ದಳು: "ಇಳಿತದ ನಾಡಿನ ಪ್ರಾಣಿಗಳು. ಬರೆದವರು ಏಡಿ ಪಂಡಿತರು." ತಾನು ಬರೆದದ್ದು ಅನ್ನುತ್ತಿರಲಿಲ್ಲ. ಆ ನಾಡಿನ ಪಂಡಿತನೇ ಬರೆದು ಕಳಿಸಿದ ಅನ್ನುವುದು. ಪಂಡಿತ ಅಡ್ಡಡ್ಡ ನಡೆಯುವವನಾದ್ದರಿಂದ ಪುಸ್ತಕವನ್ನೂ ಅಡ್ಡ ಹಿಡಿದು ಓದಬೇಕು!

ನನ್ನ ಮಗಳು ಪುಸ್ತಕ ಬರೆದಿದ್ದಾಳೆ ಅಂತ ನನಗೆ ಗೊತ್ತಾದದ್ದು ನಳದ ಪಾಳಿಯಲ್ಲಿ, ಮಂದಿಯ ಬಾಯಿಂದ. ನನಗೆ ತೋರಿಸಿರಲಿಲ್ಲ. ಮೊದಲು ವಾರಿಜಾಳಿಗೆ ಓದಿ ಹೇಳಿದ್ದಳು. ಕೊಡ ತುಂಬಿ ಹರಿಯಿತು, ಹಿಂದಿನವಳು ಒದರಿದಾಗ ಎಚ್ಚರ ಆಯಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಶಾಲೆಗೆ ಹೋಗುವಾಗ ಹೆರಳು ಹಾಕಿಸಿಕೊಳ್ಳಲು ಪಕ್ಕದ ಖೋಲಿಗೆ. "ನೀ ಜಗ್ಗಿ ಹಾಕ್ತಿ, ಮಾವಶಿ ಮೆತ್ತಗ ಹಾಕ್ತಾಳ" ಅನ್ನುವುದು. ಮಾವಶಿಯಂತೆ, ಚಿಕ್ಕವ್ವನಂತೆ! ನನ್ನ ತಾಯಿ ಹೊಟ್ಟೆಯಲ್ಲಿ ಯಾವಾಗ ಹುಟ್ಟಿದಳು ಈಕೆ? ಆಮೇಲೆ ಮಾತು ಬದಲಾಯಿತು. ಒಂದು ದಿನ ಶಾಲೆಯಿಂದ ಬಂದವಳು, "ಅಮ್ಮ, ತಿನ್ನಲಿಕ್ಕೆ ಎಂತ ಉಂಟು?" ಅಂದಳು.

ನಾನು ಕೈಯಲ್ಲಿದ್ದ ಹಿಟ್ಟು ಹಾಗೇ ಹಿಡಿದು, "ಯಾರನ್ನ ಕರದಿ?" ಅಂದೆ.

"ನಿನ್ನ."

"ನಾ ಅವ್ವ. ಅಮ್ಮ ಬೇಕಾದರ ಬಾಜೂ ಖೋಲಿಗೆ ಹೋಗು."

ಖರೆ ಎದ್ದು ಹೋದಳು! ಮುಖಕ್ಕೆ ಹೊಡೆದಂತೆ ಆಯಿತು. ಗೋಡೆಯ ಆಚೆ ಅವಲಕ್ಕಿ ಕಲಸುವ ಸದ್ದು, ಇಬ್ಬರ ನಗು.

ನಮ್ಮ ಮನೆಯವರಿಗೆ ಹೇಳಿದರೆ, "ನಿನಗ ಹೊಟ್ಟಿಕಿಚ್ಚು" ಅಂದರು. ಹೌದು ಅಂದೆ. ಇರಬಾರದೇ? ಹೊಟ್ಟೆಯಲ್ಲಿ ಹೊತ್ತವಳಿಗೇ ಕಿಚ್ಚಿರುವುದು, ಹೊರದವಳಿಗೆ ಎಲ್ಲಿಂದ ಬರಬೇಕು?

ನನಗೆ ಕಥೆ ಕಟ್ಟಲು ಬರುವುದಿಲ್ಲ. ಕೆಡವಲು ಬರುತ್ತದೆ. ಆ ನಾಡನ್ನೇ ಕೆಡವಿಬಿಟ್ಟರೆ ಹುಡುಗಿ ತಾನೇ ಮನೆಗೆ ಬರುತ್ತಾಳೆ ಅಂತ ಲೆಕ್ಕ ಹಾಕಿದೆ. ಒಂದು ಬೆಳಿಗ್ಗೆ ಕಮಲಿ ನನ್ನ ಪಕ್ಕ ಕೂತು ಹಾಲು ಕುಡಿಯುವಾಗ ಕೇಳಿದೆ.

"ಅಲ್ಲಬೇ, ನಿಮ್ಮ ರಾಣಿ ನಾಡು ಸಮುದ್ರದಾಗ ಐತಿ. ಸುತ್ತಾ ಉಪ್ಪುನೀರು. ಕುಡ್ಯಾಕ ನೀರು ಎಲ್ಲಿಂದ ತರ್ತಾರ? ನಳ ಐತೇನ ಅಲ್ಲಿ?"

ಹುಡುಗಿ ಲೋಟ ಕೆಳಗಿಟ್ಟಳು. ಮುಖ ಸಣ್ಣದಾಯಿತು. ಬಿತ್ತು ನಾಡು ಅಂದುಕೊಂಡೆ. ಅವತ್ತು ರೊಟ್ಟಿ ಎಲ್ಲಾ ದುಂಡಗೆ ಬಂದವು.

ಎರಡು ದಿನ ಬಿಟ್ಟು ಬಂದಳು. ನನ್ನ ಕಡೆಗೇ ಬಂದಳು, ಮೊದಲು. ಕೈಯಲ್ಲಿ ಹೊಸ ಪುಸ್ತಕ. "ಅವ್ವಾ, ನೀರಿಂದು ಪತ್ತೆ ಆತು. ಅಲ್ಲಿ ಮನಿಗೊಂದು ಮೋಡದ ಕರು ಕಟ್ಟಿರ್ತಾರ. ಮುಂಜಾನೆ ಎದ್ದು ಅದನ್ನ ಹಿಂಡಿಕೋತಾರ. ಸಿಹಿನೀರು ಬರ್ತದ. ಏಡಿ ಪಂಡಿತರು ಬರದಾರ. ಇದು ನೀರಿನ ಪುಸ್ತಕ."

"ಕರು ಹಿಂಡ್ತಾರೇನ ಯಾರರ? ಹಿಂಡೂದು ಆಕಳನ್ನ. ಮತ್ತ ಅದಕ್ಕ ಮೇವು?"

"...ಹಬಿ, ಕಾದ ನೀರಿಂದು."

"ಹಬಿ ಬೇಕಂದರ ನೀರು ಕಾಸಬೇಕು. ನೀರಿಗೆ ಅಂತ ಕರು, ಕರುವಿಗೆ ಅಂತ ನೀರು. ಶ್ಯಾಣ್ಯಾ ಅದಾನ ನಿಮ್ಮ ಪಂಡಿತ! ಒಲಿಗೆ ಕಟಗಿ ಎಲ್ಲಿಂದ ಬರ್ತಾವ ಸಮುದ್ರದಾಗ?"

ಮತ್ತೆ ಮುಖ ಸಣ್ಣದು. ಮತ್ತೆ ಎರಡು ದಿನ. ಮತ್ತೆ ಒಂದು ಪುಸ್ತಕ, ಉರುವಲಿನದು. ಹಡಗು ಒಡೆದು ಬಂದ ಹಲಗೆ, ಬಿಸಿ ಕಲ್ಲು, ಏನೇನೋ. ನಾನು ಕೆಡವಲು ಎಸೆದ ಕಲ್ಲನ್ನೆಲ್ಲಾ ಎತ್ತಿಕೊಂಡು ಹೋಗಿ ಗೋಡೆಗೆ ಇಡುತ್ತಿದ್ದಳು. ಜಡ್ಡಾದರೆ ಯಾರು ನೋಡುತ್ತಾರೆ ಅಂದೆ, ಔಷಧಿ ಪುಸ್ತಕ ಬಂತು. ಹೇಲಲು ಎಲ್ಲಿ ಹೋಗುತ್ತಾರೆ ಅಂದೆ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಅದಕ್ಕೂ ಒಂದು ಹಾಳೆ ಬರೆದಳು. ಅಡಿಗೆ ಪುಸ್ತಕದಲ್ಲಿ ಮಾತ್ರ ರೊಟ್ಟಿ ಇರಲಿಲ್ಲ. ಎಲ್ಲಾ ಅನ್ನ, ಗಂಜಿ, ತೆಂಗಿನಕಾಯಿ. ವಾರಿಜಾಳ ಅಡಿಗೆಮನೆಯೇ ಅದು. "ಅಲ್ಲಿ ಜೋಳ ಬೆಳೆಯೂದಿಲ್ಲವ್ವಾ, ಉಪ್ಪು ಮಣ್ಣು" ಅಂದಳು ಕಮಲಿ, ನನಗೆ ಸಮಾಧಾನ ಹೇಳುವವಳ ಹಾಗೆ. ನಾನು ಒಲೆಯೊಳಗೆ ಕೆಂಡ ಕುಕ್ಕಿದೆ.

ಒಂದು ಮಾತ್ರ ಲಾಭ ಆಯಿತು. ಹುಡುಗಿ ಬೆಳಿಗ್ಗೆ ನನ್ನ ಪಕ್ಕ ಕೂರತೊಡಗಿದಳು, ಇವತ್ತೇನು ಕೇಳುತ್ತಾಳೆ ಇವಳು ಅಂತ. ಅದು ವಾರಿಜಾಳಿಗೆ ಹಿಡಿಸಲಿಲ್ಲ. ನಳದ ಹತ್ತಿರ ನಗುತ್ತಲೇ ಅಂದಳು, "ಎಂತ ನೀಲಕ್ಕ, ಮಗುವಿಗೆ ಕಥೆ ಕೇಳ್ಲಿಕ್ಕೇ ಬಿಡುದಿಲ್ಲವಾ? ಈಗ ನಾನು ರಾಣಿ ಅಂದ ಕೂಡ್ಲೇ, ರಾಣಿಯ ಸೀರೆ ಒಗಿಯುದು ಯಾರು ಅಂತ ಕೇಳ್ತಾಳೆ. ನಂಗೆ ಮುಂದೆ ಹೋಗ್ಲಿಕ್ಕೇ ಆಗುದಿಲ್ಲ."

"ಯಾರು ಒಗೀತಾರ ಹೇಳ್ರಿ, ಮುಂದ ಹೋಗ್ರಿ" ಅಂದೆ.

ಆಕೆ ನಗು ನಿಲ್ಲಿಸಿದಳು. ನನಗೆ ಆ ದಿನ ಊಟ ರುಚಿ ಹತ್ತಿತು.

ದೊಡ್ಡ ಜಗಳ ಆದದ್ದು ಕಾಯಿದೆ ಪುಸ್ತಕದ ಮೇಲೆ. ಮಳೆ ಸ್ವಲ್ಪ ಹೊರಪಾಗಿ ಬಿಸಿಲು ಬಿದ್ದಿತ್ತು. ಗ್ಯಾಲರಿಯಲ್ಲಿ ನಾನು ಜೋಳ ಹಸನು ಮಾಡುತ್ತಿದ್ದೆ, ವಾರಿಜಾ ಅಕ್ಕಿ ಆರಿಸುತ್ತಿದ್ದಳು, ನಡುವೆ ಕಮಲಿ ಪಟ್ಟಿ ಕಾಗದ ಹಿಡಿದು ಕೂತಿದ್ದಳು. "ಶಂಖರಾಣಿ ಸತ್ತರ ಮುಂದ ಯಾರು ಆಳಬೇಕು?" ಅಂತ ಕೇಳಿದಳು.

ನಾನು ಅಂದೆ, "ಮಗ ಇದ್ದರ ಮಗ. ಮಗಳು ಇದ್ದರ ಏನ ಬಂತು, ಕೊಟ್ಟ ಮನಿಗೆ ಹೋಗ್ತಾಳ. ಹೆಣ್ಣು ಕೊಡಾಕ ಹುಟ್ಟಿರ್ತಾಳ."

"ಛೆ ಛೆ, ಅದೆಂತ ಮಾತು ನೀಲಕ್ಕ!" ವಾರಿಜಾ ಮೊರ ಕೆಳಗಿಟ್ಟಳು. "ನಮ್ಮಲ್ಲಿ ಹಾಗಲ್ಲ. ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿಂದು. ಮಕ್ಕಳು ತಾಯಿ ಮನೆಯವು. ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಕ್ಕತಂಗಿಯರ ಮಕ್ಕಳಿಗೆ. ಹೆಣ್ಣನ್ನು ಕೊಟ್ಟರೂ ಅವಳು ತಾಯಿ ಮನೆಯವಳೇ."

"ಮತ್ತ ಗಂಡ?"

"ಗಂಡ ಎಂತ, ಬರ್ತಾನೆ, ಹೋಗ್ತಾನೆ."

ಒಳಗಿನಿಂದ ಶೀನಣ್ಣ ಇಣುಕಿ, "ಹಾಗಾದ್ರೆ ನಾನು ಹೋಗ್ಲಾ?" ಅಂದ. ಗ್ಯಾಲರಿಗೆ ಗ್ಯಾಲರಿಯೇ ನಕ್ಕಿತು. ನಾನು ನಗಲಿಲ್ಲ.

"ನಮ್ಮ ಕಡೆ ಅಕ್ಕನ ಮಗಳನ್ನ ಸೋದರಮಾವನ ಲಗ್ನ ಆಗ್ತಾನ. ಮನಿ ಆಸ್ತಿ ಮನ್ಯಾಗ ಉಳೀತೈತಿ. ರಾಣಿಗೆ ತಮ್ಮ ಇದ್ದರ ಅವನಿಗೆ ಕೊಟ್ಟು ಕೆಲಸ ಮುಗಸರಿ" ಅಂದೆ.

"ಮಾವನನ್ನಾ!" ವಾರಿಜಾ ಕಿವಿ ಮುಚ್ಚಿಕೊಂಡಳು. "ದೇವರೇ! ಮಾವ ಅಂದ್ರೆ ಅಪ್ಪನ ಹಾಗೆ. ಬರಿಬೇಡ ಮಗಾ, ಅದನ್ನು ಬರಿಬೇಡ."

"ಬರಿ" ಅಂದೆ ನಾನು.

"ಬೇಡ."

"ಬರೀಬೇ ಕಮಲಿ!"

ಹುಡುಗಿ ಇಬ್ಬರ ಮುಖ ನೋಡಿದಳು, ಪೆನ್ಸಿಲ್ ಕಚ್ಚಿದಳು. ಆಮೇಲೆ ಬರೆದಳು. ವಾರಿಜಾ ಹೇಳಿದ್ದನ್ನು ಬರೆದಳು. "ಇಳಿತದ ನಾಡಿನಲ್ಲಿ ಮನೆ ಹೆಣ್ಣಿನದು. ಮಗು ತಾಯಿಯ ಮನೆಗೆ ಸೇರಿದ್ದು. ರಾಣಿ ಕೇಳಿದರೂ ಕೊಡತಕ್ಕದ್ದಲ್ಲ." ಓದಿಯೂ ಹೇಳಿದಳು, ಶಾಲೆಯಲ್ಲಿ ಪದ್ಯ ಓದುವ ಹಾಗೆ. ವಾರಿಜಾ ಅವಳ ತಲೆ ನೇವರಿಸಿದಳು. ನಾನು ಜೋಳದ ಮೊರ ಎತ್ತಿಕೊಂಡು ಒಳಗೆ ಹೋದೆ. ಆ ಕಾಯಿದೆ ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ವಿಚಾರ ಮಾಡಲಿಲ್ಲ. ನನ್ನದನ್ನು ಬಿಟ್ಟು ಆಕೆಯದನ್ನು ಬರೆದಳಲ್ಲ ಅನ್ನುವುದೊಂದೇ.

ಗಣಪತಿ ಹಬ್ಬ ಮುಗಿದ ಮೇಲೆ ಸುದ್ದಿ ಬಂತು. ಶೀನಣ್ಣನಿಗೆ ಅಂಧೇರಿಯಲ್ಲಿ ಒಂದು ಬಿಲ್ಡಿಂಗಿನಲ್ಲಿ ಜಾಗ ಸಿಕ್ಕಿತ್ತು. ಎರಡು ಖೋಲಿ, ನಳ ಒಳಗೇ. ನಾನು ಸಕ್ಕರೆ ಹಂಚಬೇಕು ಅನ್ನುವಷ್ಟು ಸಂತೋಷಪಟ್ಟೆ. ಅಂಧೇರಿ ಅಂದರೆ ನಮಗೆ ಆಗ ಬೇರೆ ಊರು. ದಾದರಕ್ಕೆ ಹೋಗಿ, ಇಳಿದು, ಬ್ರಿಜ್ ಹತ್ತಿ ಆಚೆ ಹೋಗಿ, ಇನ್ನೊಂದು ಲೋಕಲ್ ಹಿಡಿಯಬೇಕು. ಯಾರು ಹೋಗುತ್ತಾರೆ ದಿನಾ?

ನನ್ನ ಸಂತೋಷ ರವಿವಾರದವರೆಗೂ ಬಾಳಲಿಲ್ಲ. ರವಿವಾರ ಮಧ್ಯಾಹ್ನ ನಮ್ಮ ಖೋಲಿಯಲ್ಲಿ ಖಾನಾವಳಿಯವರು ಪಂಕ್ತಿ ಕೂತು ಉಣ್ಣುತ್ತಿದ್ದರು. ನಮ್ಮ ಮನೆಯವರೂ ಮನೆಯಲ್ಲೇ ಇದ್ದರು. ವಾರಿಜಾ ಗಂಡನನ್ನು ಮುಂದೆ ಮಾಡಿಕೊಂಡು ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು, ಹೂವು. ಹೋಗಿಬರುತ್ತೇವೆ ಅಂತ ಹೇಳಲು ಬಂದಿದ್ದಾರೆ ಅಂದುಕೊಂಡು ನಾನು ಮಣೆ ಹಾಕಿದೆ.

ಶೀನಣ್ಣ ಕೆಮ್ಮಿದ. ವಾರಿಜಾಳೇ ಮಾತು ತೆಗೆದಳು. "ನೀಲಕ್ಕ, ಅಣ್ಣ, ಒಂದು ಕೇಳುದುಂಟು. ಕಮಲಿಯನ್ನು ನಮಗೆ ಕೊಡಿ. ಅಲ್ಲಿ ಶಾಲೆ ಹತ್ತಿರ ಉಂಟು. ಅವಳಿಗೇ ಅಂತ ಒಂದು ಮೇಜು ಹಾಕಿಸ್ತೇವೆ. ನೀವು ಬೇಕಾದಾಗ ಬಂದು ನೋಡಿ. ಮಗಳ ಹಾಗೆ ನೋಡ್ಕೊಳ್ತೇನೆ. ಇಂಥ ಬುದ್ಧಿ ಇರುವ ಮಗು ಇಲ್ಲಿ ಹೊಗೆಯಲ್ಲಿ ಇದ್ದು ಎಂತಾಗ್ಬೇಕು?"

ಉಣ್ಣುವವರ ಕೈ ನಿಂತಿತು. ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ತಲೆ ಕೆರೆದುಕೊಂಡು, "ಹುಡುಗಿ ಕಲೀತಾಳಂದರ... ಎಲ್ಲಿದ್ದರೇನ, ನಮ್ಮ ಹುಡುಗಿನ ಅಲ್ಲೇನ ಅಕಿ" ಅಂದರು.

"ನಿಮ್ಮನ್ನ ಯಾರು ಕೇಳಿದರು?" ಅಂದೆ. ಕೇಳಿದ್ದು ಅವರನ್ನೂ ಸೇರಿಸಿಯೇ, ಇರಲಿ.

ಕಮಲಿ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ದೀಪ ಹಚ್ಚಿದ ಹಾಗೆ ಆಗಿತ್ತು. "ನಾ ಹೋಗ್ತೀನವ್ವಾ" ಅಂದಳು.

ಆ ಒಂದು ಮಾತು ನನ್ನನ್ನು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿತು. ಆದರೆ ನಾನು ಅಳುವವಳಲ್ಲ. ಕೈ ಒರೆಸಿಕೊಂಡು ಎದ್ದು ನಿಂತೆ. "ಕಮಲಿ, ಕಾಯಿದೆ ಪುಸ್ತಕ ತಗೊಂಡು ಬಾ" ಅಂದೆ.

"ಯಾಕ?"

"ತಗೊಂಡು ಬಾ ಅಂದರ ತಗೊಂಡು ಬಾ. ಓದು, ಮಗು ಯಾರಿಗೆ ಸೇರಿದ್ದು ಅಂತ ಐತಿ. ಜೋರಾಗಿ ಓದು."

ಹುಡುಗಿ ಓದಿದಳು. "ಮಗು ತಾಯಿಯ ಮನೆಗೆ ಸೇರಿದ್ದು. ರಾಣಿ ಕೇಳಿದರೂ..." ದನಿ ಅಲ್ಲಿಗೆ ಇಳಿಯಿತು.

"ಮುಂದ?"

"...ಕೊಡತಕ್ಕದ್ದಲ್ಲ."

"ಯಾರು ಬರಸಿದ್ದು ಇದನ್ನ? ನಾನೇನ? ನಿಮ್ಮ ನಾಡು, ನಿಮ್ಮ ಕಾಯಿದೆ. ಈಗ ನೀವ ಮುರೀತೀರೇನ?" ಅಂದೆ ವಾರಿಜಾಳಿಗೆ.

ಆಕೆಯ ಮುಖ ಕೆಂಪಾಯಿತು. ಆದರೆ ಆಕೆಯೂ ಕಡಿಮೆಯವಳಲ್ಲ. "ಅದು ನಮ್ಮ ಕಾಯಿದೆ ಅಲ್ವಾ ನೀಲಕ್ಕ? ನಿಮ್ಮದು ಎಂತ? ಹೆಣ್ಣು ಕೊಡ್ಲಿಕ್ಕೇ ಹುಟ್ಟಿದ್ದು ಅಂತ ನೀವೇ ಹೇಳಿದ್ದು. ಗ್ಯಾಲರಿಯಲ್ಲಿ ಎಲ್ಲರೂ ಕೇಳಿದ್ದಾರೆ. ಹಾಗಾದ್ರೆ ನಿಮ್ಮ ಕಾಯಿದೆ ಪ್ರಕಾರ ಕೊಡಿ."

ಊಟಕ್ಕೆ ಕೂತಿದ್ದ ಬಸಪ್ಪ ಅನ್ನುವ ಹಮಾಲ, "ಅಬಾಬಾ, ಇದು ಖರೆ ಕೋರ್ಟ ಕಚೇರಿ ಆತು ನೋಡ್ರಿ" ಅಂದ. ಇಬ್ಬರು ನಕ್ಕರು. ನಾನು ಅವನ ತಾಟಿಗೆ ಒಂದು ರೊಟ್ಟಿ ಹಾಕಿದೆ, ಬಾಯಿ ಮುಚ್ಚಲಿ ಅಂತ.

ನನ್ನ ಮಾತು ಆಕೆಯ ಬಾಯಲ್ಲಿ, ಆಕೆಯ ಮಾತು ನನ್ನ ಬಾಯಲ್ಲಿ. ಇಬ್ಬರೂ ತಮ್ಮ ತಮ್ಮ ಊರಿನ ವಿರುದ್ಧ ನಿಂತಿದ್ದೆವು. ಹೀಗೆ ವಾದ ಮಾಡಿದರೆ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಅದಕ್ಕೇ ನಾನು ತಟ್ಟೆ ಎತ್ತಿ ಆಕೆಯ ಕೈಗೆ ತಿರುಗಿ ಕೊಟ್ಟೆ.

"ಕಾಯಿದೆ ಏನರ ಇರಲಿ. ಕೊಡೂದಿಲ್ಲ."

"ಅವಳನ್ನೇ ಕೇಳಿ" ಅಂದಳು ವಾರಿಜಾ.

"ಆಕಿ ಹೇಳಿದ್ದು ಕೇಳ್ಯಾವ ನನ್ನ ಕಿವಿ. ಹೋಗ್ತೀನಿ ಅಂದಾಳ. ನಾ ಕೊಡೂದಿಲ್ಲ ಅಂದೀನಿ. ಮುಗೀತು."

ವಾರಿಜಾ ಅಲ್ಲೇ ಅತ್ತುಬಿಟ್ಟಳು. ಗಂಡಸರ ಮುಂದೆ, ತಟ್ಟೆ ಹಿಡಿದುಕೊಂಡು. ಶೀನಣ್ಣ ಆಕೆಯ ಭುಜ ಹಿಡಿದು ಕರೆದುಕೊಂಡು ಹೋದ. ನನಗೆ ಆ ಹೊತ್ತಿಗೆ ಕರುಣೆ ಬರಲಿಲ್ಲ. ಬಂತು ಅಂತ ಈಗ ಹೇಳಿದರೆ ಅದು ಸುಳ್ಳಾಗುತ್ತದೆ. ಕಮಲಾ ಈಗ ಜನರ ಮುಂದೆ, "ನಾನೇ ಅವ್ವನ್ನ ಬಿಟ್ಟು ಹೋಗಲಿಲ್ಲ" ಅನ್ನುತ್ತಾಳೆ. ಅವಳಾಗಿ ಉಳಿಯಲಿಲ್ಲ. ನಾನು ಉಳಿಸಿಕೊಂಡೆ.

ಅವರು ಹೊರಟ ದಿನ ಮತ್ತೆ ಮಳೆ. ಕೆಳಗೆ ಹಾತಗಾಡಿಯ ಮೇಲೆ ಸಾಮಾನು ಹೇರಿ ತಾಡಪತ್ರಿ ಹೊದಿಸುತ್ತಿದ್ದರು. ಕಮಲಿ ಪುಸ್ತಕಗಳನ್ನೆಲ್ಲಾ ನನ್ನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಇಳಿದಳು. ನಾನು ಗ್ಯಾಲರಿಯ ಕಟಕಟೆ ಹಿಡಿದು ಮೇಲಿಂದ ನೋಡಿದೆ. ಪ್ರಾಣಿಗಳು, ನೀರು, ಉರುವಲು, ಔಷಧಿ, ಅಡಿಗೆ, ಕಾಯಿದೆ, ಎಲ್ಲವನ್ನೂ ವಾರಿಜಾಳ ಕೈಯಲ್ಲಿ ಇಟ್ಟಳು. ವಾರಿಜಾ ಗಂಟನ್ನು ಎದೆಗೆ ಒತ್ತಿಕೊಂಡು ಸೆರಗು ಹೊದಿಸಿದಳು, ಮಳೆ ತಾಗದ ಹಾಗೆ. ಕೂಸನ್ನು ಹೊದಿಸುವ ಹಾಗೆ. ಮೇಲೆ ನೋಡಲಿಲ್ಲ.

ಹುಡುಗಿ ಮೇಲೆ ಬಂದ ಮೇಲೆ ಕೇಳಿದೆ. "ಯಾಕ ಕೊಟ್ಟಿ ಎಲ್ಲಾ?"

"ಅದು ಮಾವಶಿ ನಾಡು. ನಾಡು ಅಂಧೇರಿಗೆ ಹೋತು. ಪುಸ್ತಕಾನೂ ಹೋದವು."

"ಅದರಾಗ ಅರ್ಧ ನನ್ನ ಪ್ರಶ್ನೆ ಅದಾವ."

ಕಮಲಿ ನನ್ನನ್ನು ನೇರ ನೋಡಿದಳು. ಅಷ್ಟು ಸಣ್ಣ ಹುಡುಗಿಯ ಕಣ್ಣಿನಲ್ಲಿ ಅಂಥ ನೋಟ ನಾನು ನೋಡಿರಲಿಲ್ಲ. "ಪ್ರಶ್ನೆ ನಿನ್ನವು. ಉತ್ತರ ನನ್ನವು. ನಾ ಕೊಟ್ಟೆ" ಅಂದಳು.

ಆಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಪಕ್ಕದ ಖೋಲಿಯ ಕಡೆಯ ಗೋಡೆ. ಊಟಕ್ಕೆ ಕರೆದರೆ ಬಂದಳು, ಹಾಕಿದ್ದು ಉಂಡಳು, ತಾಟು ತೊಳೆದಿಟ್ಟಳು. ಹೆರಳು ಹಾಕಲಾ ಅಂದರೆ ತಿರುಗಿ ಕೂತಳು. ಜಗ್ಗಿದರೂ ಅಯ್ಯೋ ಅನ್ನಲಿಲ್ಲ. ಹೇಳಿದ ಮಾತೆಲ್ಲಾ ಕೇಳಿದಳು. ಅದನ್ನು ನೋಡಿಯೇ ನನಗೆ ಹೆದರಿಕೆ ಆಯಿತು. ಏನಾದರೂ ಕೇಳಬೇಕು ಅಂತ ಬಾಯಿ ತೆಗೆದೆ, ಆ ನಾಡಿನ ಬಗ್ಗೆಯೇ, ಏನಾದರೊಂದು. ಉತ್ತರ ಕೊಡುವವಳು ಅಲ್ಲಿ ಇರಲಿಲ್ಲ. ಕೂತದ್ದು ನನ್ನ ಖೋಲಿಯಲ್ಲಿ, ಇದ್ದದ್ದು ಅಂಧೇರಿಯಲ್ಲಿ, ಆಕೆಯ ಸೆರಗಿನ ಕೆಳಗೆ. ಜಗಳದಲ್ಲಿ ಗೆದ್ದು ಮನೆಗೆ ತಂದದ್ದು ಬರೀ ಹುಡುಗಿಯ ಮೈ. ಉಳಿದದ್ದೆಲ್ಲಾ ಆಕೆ ಮಳೆ ತಾಗದ ಹಾಗೆ ಒಯ್ದಿದ್ದಳು. ಅವತ್ತು ಉರಿದಷ್ಟು ನನ್ನ ಹೊಟ್ಟೆ ಆ ಇಡೀ ಮಳೆಗಾಲದಲ್ಲಿ ಉರಿದಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸಿಗಡಿ ಹಚ್ಚಲಿಲ್ಲ. ಊಟಕ್ಕೆ ಬಂದವರಿಗೆ, "ಇವತ್ತ ಪಾವ್ ತಿನ್ರಿ, ಯಾರೂ ಸಾಯೂದಿಲ್ಲ" ಅಂತ ಹೇಳಿ ಕಳಿಸಿದೆ. ಒಳ್ಳೆಯ ಸೀರೆ ಉಟ್ಟೆ. ಕಮಲಿಯ ಕೈ ಹಿಡಿದೆ. ಎಲ್ಲಿಗೆ ಅಂತ ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಲೋಕಲ್ ಹತ್ತಿ ದಾದರದಲ್ಲಿ ಇಳಿದೆವು. ಬ್ರಿಜ್ ಮೇಲೆ ಮಂದಿ ನಮ್ಮನ್ನು ಆ ಕಡೆ ಈ ಕಡೆ ತಳ್ಳಿತು. ನಾನು ಅವಳ ಕೈ ಬಿಡಲಿಲ್ಲ. ಯಾವ ಪ್ಲಾಟ್‌ಫಾರಂ ಅಂತ ಬೋರ್ಡು ಓದಿ ಹೇಳಿದವಳು ಅವಳೇ, ಅಂಧೇರಿಗೆ ಅಂತ ಆಗ ಅವಳಿಗೆ ಗೊತ್ತಾಯಿತು, ಹೆಜ್ಜೆ ಜೋರಾಯಿತು. ಅಂಧೇರಿಯಲ್ಲಿ, ಶೀನಣ್ಣ ನಮ್ಮ ಮನೆಯವರಿಗೆ ಹೇಳಿಹೋಗಿದ್ದ ವಿಳಾಸ ಕೇಳುತ್ತಾ ಕೇಳುತ್ತಾ ಆ ಬಿಲ್ಡಿಂಗ್ ಹುಡುಕಿದೆವು.

ವಾರಿಜಾ ಬಾಗಿಲು ತೆರೆದಳು. ಕಣ್ಣು ಬಾತುಕೊಂಡಿದ್ದವು. ತಲೆಗೆ ಹೂವಿರಲಿಲ್ಲ. ನಮ್ಮಿಬ್ಬರನ್ನೂ ನೋಡಿ, ನಾನು ಮನಸ್ಸು ಬದಲಾಯಿಸಿದೆ ಅಂದುಕೊಂಡಳೇನೋ, ಎರಡೂ ಕೈ ಮುಂದೆ ಚಾಚಿದಳು.

"ಕೊಡಾಕ ಬಂದಿಲ್ಲ" ಅಂದೆ. "ರವಿವಾರ ರವಿವಾರ ಕರಕೊಂಡು ಬರ್ತೀನಿ. ಸಂಜಿಗೆ ಕರಕೊಂಡು ಹೋಗ್ತೀನಿ. ನಾನೂ ಕೂತಿರ್ತೀನಿ. ಏನ ಹೇಳೂದಿದ್ದರೂ ನನ್ನ ಮುಂದ ಹೇಳ್ರಿ."

"ಇವತ್ತು ರವಿವಾರ ಅಲ್ವಲ್ಲಾ ನೀಲಕ್ಕ" ಅಂದಳು ಆಕೆ.

"ಗೊತ್ತೈತಿ" ಅಂದೆ.

ಆಕೆ ಪಕ್ಕಕ್ಕೆ ಸರಿದಳು. ಕಮಲಿ ನನ್ನ ಕೈ ಬಿಡಿಸಿಕೊಂಡು ಓಡಿ ಹೋಗಿ ಒಳಗೆ ಹಾಸಿದ್ದ ಚಾಪೆಯ ಮೇಲೆ ಕೂತಳು. ವಾರಿಜಾ ಅವಳ ಎದುರಿಗೆ ಕೂತಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಇಬ್ಬರ ನಡುವೆ ಕೂತೆ.